ಅಡಕತ್ತರಿಗೆ ಇಟ್ಟ ಬೆಣೆ

ಕೇಳುಗರಿಗೆ ನಮಸ್ಕಾರ.

ಮಟನ್ ಬೇಗ ಬೇಯಲಿ ಅಂತ ಪರಂಗಿ ಕಾಯಿ ಅರೆದು ಸವರುವುದು ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಬಲಿತ ಮಾಂಸ ತಂದ ದಿನ ನಮ್ಮಮ್ಮನೂ ಹೀಗೇ ಮಾಡುತ್ತಿದ್ದರು. ಆದರೆ ಗಡಿಯಾರದ ಮೇಲೆ ಒಂದು ಕಣ್ಣು ಇದ್ದೇ ಇರುತ್ತಿತ್ತು. ಹೊತ್ತು ಜಾಸ್ತಿಯಾದರೆ ಮಾಂಸಕ್ಕೆ ಹುರಿಯೇ ಉಳಿಯುವುದಿಲ್ಲ, ಮುಟ್ಟಿದರೆ ಹಿಟ್ಟಾಗುತ್ತದೆ. ಪರಂಗಿ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವ ಇದೆ. ಪ್ರೋಟೀನನ್ನು ತುಂಡು ತುಂಡು ಮಾಡುವುದೇ ಅದರ ಕಸುಬು.

ಇದೇ ಮನೆತನದ ಕಿಣ್ವಗಳು ನಮ್ಮ ಜೀವಕೋಶಗಳ ಒಳಗೂ ಇವೆ. ಅವುಗಳ ಹೆಸರು ಕ್ಯಾಥೆಪ್ಸಿನ್. ಕ್ಯಾಥೆಪ್ಸಿನ್ ಬಿ, ಎಲ್, ಎಸ್, ಎಚ್ ಹೀಗೆ ಹಲವು. ಹಳೆಯದಾದ, ಕೆಟ್ಟುಹೋದ ಪ್ರೋಟೀನನ್ನು ಕತ್ತರಿಸಿ ಮತ್ತೆ ಬಳಕೆಗೆ ಕೊಡುವುದು ಅವುಗಳ ಕೆಲಸ. ಈ ಕೆಲಸ ನಿಂತರೆ ಕೋಶದಲ್ಲಿ ಕಸ ತುಂಬುತ್ತದೆ. ಆದರೆ ಇಷ್ಟು ಹರಿತವಾದ ಕತ್ತರಿಗಳನ್ನು ಒಳಗೆ ಇಟ್ಟುಕೊಂಡೂ ನಾವು ಕರಗಿಹೋಗುವುದಿಲ್ಲ, ಅಲ್ವಾ? ಅದು ಹೇಗೆ?

ಒಂದು ಕಾರಣ, ಅವು ಚೀಲದೊಳಗೆ ಇರುತ್ತವೆ. ಈ ಚೀಲಕ್ಕೆ ಲೈಸೋಸೋಮ್ ಎನ್ನುತ್ತಾರೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಇದಕ್ಕೆ ಆ ಹೆಸರಿಟ್ಟರು. ಮುಂದೆ 1974ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇನ್ನೊಂದು ಕಾರಣವೇ ಇವತ್ತಿನ ನಮ್ಮ ವಿಷಯ. ಚೀಲ ಎಂದಾದರೂ ಸೋರಬಹುದು. ಒಂದೆರಡು ಕತ್ತರಿ ಹೊರಗೆ ಬಂದರೆ ಹಿಡಿಯುವವರು ಬೇಕು. ಆ ಕೆಲಸಕ್ಕೆ ಕೋಶದಲ್ಲಿ ಒಂದು ಪುಟ್ಟ ಪ್ರೋಟೀನ್ ಓಡಾಡಿಕೊಂಡಿದೆ. ಅದರ ಹೆಸರು ಸಿಸ್ಟಾಟಿನ್ ಬಿ. ಬರೀ 98 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ ಅದು. ಪ್ರೋಟೀನುಗಳ ಲೋಕದಲ್ಲಿ ಇದು ತೀರಾ ಚಿಕ್ಕ ಗಾತ್ರ.

ಈ ಬಳಗ ಮೊದಲು ಕಂಡದ್ದು ಕೋಳಿ ಮೊಟ್ಟೆಯ ಬಿಳಿಯಲ್ಲಿ. 1968ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಮೊಟ್ಟೆಯ ಬಿಳಿಯಲ್ಲಿರುವ ಏನೋ ಒಂದು ಪಪೇನ್ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. 1981ರಲ್ಲಿ ಅದಕ್ಕೆ ಸಿಸ್ಟಾಟಿನ್ ಎಂಬ ಹೆಸರು ಬಂತು. ಮನುಷ್ಯರಲ್ಲಿರುವ ಅದರ ನಂಟರು ಆಮೇಲೆ ಒಬ್ಬೊಬ್ಬರಾಗಿ ಸಿಕ್ಕರು. ಸಿಸ್ಟಾಟಿನ್ ಬಿಗೆ ಸ್ಟೆಫಿನ್ ಬಿ ಎಂಬ ಇನ್ನೊಂದು ಹೆಸರೂ ಇದೆ. ಸ್ಲೊವೇನಿಯಾ ದೇಶದ ಲ್ಯುಬ್ಲಿಯಾನಾ ನಗರದಲ್ಲಿ ಯೋಜೆಫ್ ಸ್ಟೆಫಾನ್ ಸಂಸ್ಥೆ ಅಂತ ಇದೆ. ಅಲ್ಲಿಯವರು ತಮ್ಮ ಸಂಸ್ಥೆಯ ನೆನಪಿಗೆ ಇಟ್ಟ ಹೆಸರು ಅದು.

ಹಿಡಿಯುವುದು ಅಂದೆನಲ್ಲ, ಅದು ಹೇಗೆ ಎನ್ನುವುದು 1990ರಲ್ಲಿ ಕಣ್ಣಿಗೆ ಕಾಣುವಂತಾಯಿತು. ಸ್ಲೊವೇನಿಯಾ ಮತ್ತು ಜರ್ಮನಿಯ ವಿಜ್ಞಾನಿಗಳು ಸೇರಿ ಈ ಪ್ರೋಟೀನನ್ನು ಒಂದು ಕಿಣ್ವದ ಜೊತೆ ಹರಳಾಗಿಸಿ ಎಕ್ಸ್-ರೇ ಮೂಲಕ ನೋಡಿದರು. ಜೊತೆಗೆ ಇಟ್ಟ ಕಿಣ್ವ ಯಾವುದು ಗೊತ್ತೇ? ನಮ್ಮ ಪರಂಗಿ ಕಾಯಿಯ ಪಪೇನ್! ಮನುಷ್ಯನ ಪ್ರೋಟೀನು ಗಿಡದ ಕಿಣ್ವವನ್ನು ಗಟ್ಟಿಯಾಗಿ ಹಿಡಿದು ಕೂತಿತ್ತು. ನನಗೆ ಈ ಸಂಗತಿ ಎಷ್ಟು ಸಲ ನೆನೆದರೂ ಬೆರಗೇ.

ಅಡಕತ್ತರಿಯನ್ನು ನೆನಪಿಸಿಕೊಳ್ಳಿ. ಅದರ ಬಾಯಿಗೆ ಅಡಿಕೆಯ ಬದಲು ಗಟ್ಟಿ ಬೆಣೆಯೊಂದನ್ನು ಇಟ್ಟರೆ ಏನಾಗುತ್ತದೆ? ಅಲಗು ಮುಚ್ಚುವುದಿಲ್ಲ, ಏನನ್ನೂ ಕತ್ತರಿಸುವುದಿಲ್ಲ. ಸಿಸ್ಟಾಟಿನ್ ಹೀಗೇ ಬೆಣೆಯಂತೆ ಕಿಣ್ವದ ಸೀಳಿನಲ್ಲಿ ಹೋಗಿ ಕೂರುತ್ತದೆ. ತನ್ನ ಒಂದು ತುದಿ ಮತ್ತು ಎರಡು ಮಡಿಕೆ, ಒಟ್ಟು ಮೂರು ಕಡೆ ತಗುಲಿಕೊಳ್ಳುತ್ತದೆ. ತಾನು ತುಂಡಾಗುವುದಿಲ್ಲ, ಕಿಣ್ವವನ್ನೂ ಮುರಿಯುವುದಿಲ್ಲ. ಸುಮ್ನೆ ಬಾಯಿಗೆ ಅಡ್ಡ ಕೂತಿರುತ್ತದೆ, ಅಷ್ಟೇ.

ಇದು ಕಡಿಮೆಯಾದರೆ ಏನಾಗುತ್ತದೆ ಎನ್ನುವುದು ನಮಗೆ ತಿಳಿದದ್ದು ಮಕ್ಕಳ ಒಂದು ಕಾಯಿಲೆಯಿಂದ.

ಆರರಿಂದ ಹದಿನೈದು ವರ್ಷದ ಒಳಗಿನ ಮಗು. ಅಲ್ಲಿಯವರೆಗೆ ಆಟ, ಪಾಠ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಕೈ ಇದ್ದಕ್ಕಿದ್ದಂತೆ ಎಗರಲು ಶುರುವಾಗುತ್ತದೆ. ಹಿಡಿದ ಲೋಟ ಹಾರುತ್ತದೆ, ಹಾಲು ಚೆಲ್ಲುತ್ತದೆ. ಲೈಟು ಮಿನುಗಿದರೆ, ಯಾರಾದರೂ ಮುಟ್ಟಿದರೆ, ಗಾಬರಿಯಾದರೆ, ಎದ್ದು ನಡೆಯಲು ಹೊರಟರೆ ಎಗರುವುದು ಹೆಚ್ಚುತ್ತದೆ. ಮೈಯೆಲ್ಲ ಸೆಟೆಯುವ ಫಿಟ್ಸ್ ಕೂಡ ಬರುತ್ತದೆ. ವರ್ಷ ಕಳೆದಂತೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಬುದ್ಧಿ ಮಾತ್ರ ಬಹುಮಟ್ಟಿಗೆ ಹಾಗೇ ಇರುತ್ತದೆ. ತನಗೆ ಏನಾಗುತ್ತಿದೆ ಎನ್ನುವುದು ಆ ಮಗುವಿಗೆ ಪೂರ್ತಿ ಗೊತ್ತು. ಇದನ್ನು ಓದುವಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

1891ರಲ್ಲಿ ಎಸ್ಟೋನಿಯಾದಲ್ಲಿ ಕೆಲಸ ಮಾಡಿದ್ದ ವೈದ್ಯ ಉನ್‌ಫೆರಿಷ್ಟ್, 1903ರಲ್ಲಿ ಸ್ವೀಡನ್ನಿನ ಲುಂಡ್‌ಬೋರ್ಗ್ ಇದರ ಬಗ್ಗೆ ಬರೆದರು. ಕಾಯಿಲೆಗೆ ಅವರಿಬ್ಬರ ಹೆಸರೇ ಉಳಿಯಿತು. ಫಿನ್ಲೆಂಡಿನಲ್ಲಿ ಸುಮಾರು 20,000 ಮಕ್ಕಳಿಗೆ ಒಬ್ಬರಲ್ಲಿ ಇದು ಕಾಣುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲೂ ಇದೆ. ಉಳಿದ ಕಡೆ ಅಪರೂಪ.

1996ರಲ್ಲಿ ಅಮೆರಿಕ ಮತ್ತು ಫಿನ್ಲೆಂಡಿನ ವಿಜ್ಞಾನಿಗಳು ಇದರ ಬೇರು ಹಿಡಿದರು. ತಪ್ಪು ಇದ್ದದ್ದು 21ನೇ ಕ್ರೋಮೋಸೋಮಿನಲ್ಲಿ, ಸಿಸ್ಟಾಟಿನ್ ಬಿ ಜೀನಿನಲ್ಲಿ. ಮರುವರ್ಷ ಇನ್ನೊಂದು ವಿಚಿತ್ರ ಗೊತ್ತಾಯಿತು. ಹೆಚ್ಚಿನ ರೋಗಿಗಳಲ್ಲಿ ಪ್ರೋಟೀನಿನ ಅಚ್ಚು ಕೆಟ್ಟೇ ಇಲ್ಲ! ಜೀನಿಗಿಂತ ಮುಂಚೆ, ಅದನ್ನು ಚಾಲೂ ಮಾಡುವ ಜಾಗದಲ್ಲಿ, ಡಿಎನ್ಎಯ 12 ಅಕ್ಷರದ ಒಂದು ತುಣುಕು ಇದೆ. ಸಾಮಾನ್ಯವಾಗಿ ಅದು ಎರಡು ಮೂರು ಸಲ ಬರುತ್ತದೆ. ಈ ಮಕ್ಕಳಲ್ಲಿ 30ಕ್ಕೂ ಹೆಚ್ಚು ಸಲ ಬಂದಿರುತ್ತದೆ. ಅದರಿಂದ ಜೀನು ಮಂಕಾಗುತ್ತದೆ. ತಯಾರಾಗುವ ಸಿಸ್ಟಾಟಿನ್ ಸರಿಯಾದದ್ದೇ. ಆದರೆ ಸಾಲದು. ತಾಯಿ, ತಂದೆ ಇಬ್ಬರಿಂದಲೂ ಇಂಥ ಜೀನು ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ಮಗು ಆರೋಗ್ಯವಾಗಿಯೇ ಇರುತ್ತದೆ.

ಈ ಜೀನನ್ನು ತೆಗೆದ ಇಲಿಗಳಲ್ಲಿ, ತಲೆಯ ಹಿಂಭಾಗದ ಕಿರುಮೆದುಳಿನ ನರಕೋಶಗಳು ಸಾಯುತ್ತಾ ಹೋದವು. ಇಲಿಗಳು ತೂರಾಡಿದವು. ಹಾಗಾದರೆ ಕತ್ತರಿಯನ್ನೂ ತೆಗೆದುಬಿಟ್ಟರೆ? ಕ್ಯಾಥೆಪ್ಸಿನ್ ಬಿಯನ್ನೂ ತೆಗೆದು ನೋಡಿದರು. ಕೋಶಗಳ ಸಾವು ಎಷ್ಟೋ ಕಡಿಮೆಯಾಯಿತು. ಆದರೆ ತೂರಾಟ ನಿಲ್ಲಲಿಲ್ಲ. ಅಂದರೆ ಈ ಪುಟ್ಟ ಪ್ರೋಟೀನು ಬೆಣೆಯಾಗಿ ಕೂರುವುದರ ಜೊತೆಗೆ ಮಿದುಳಿನಲ್ಲಿ ಇನ್ನೂ ಬೇರೆ ಕೆಲಸ ಮಾಡುತ್ತಿರಬೇಕು. ಹುಡುಕಾಟ ಮುಂದುವರಿದಿದೆ.

ಕಡೆಯದಾಗಿ ಔಷಧಿಯ ಒಂದು ಮಾತು. ಫೆನಿಟಾಯಿನ್ ಎಂಬ ಮಾತ್ರೆಯನ್ನು ಫಿಟ್ಸ್‌ಗೆ ಎಲ್ಲ ಕಡೆ ಕೊಡುತ್ತಾರೆ. ಎಷ್ಟೋ ರೋಗಿಗಳಿಗೆ ಅದು ಒಳ್ಳೆಯದನ್ನೇ ಮಾಡಿದೆ. ಆದರೆ ಈ ಕಾಯಿಲೆಯಲ್ಲಿ ಅದು ನಡಿಗೆಯನ್ನು ಇನ್ನಷ್ಟು ಕೆಡಿಸುತ್ತದೆ. ಹಿಂದೆ ಹಲವರು ಹಾಗೆ ಹಾಸಿಗೆ ಹಿಡಿದರು. 1983ರಲ್ಲಿ ವೈದ್ಯರು ಇದನ್ನು ಬಿಡಿಸಿ ಬರೆದ ಮೇಲೆ ವಾಲ್ಪ್ರೋಯೇಟ್‌ನಂಥ ಬೇರೆ ಮಾತ್ರೆಗಳನ್ನು ಕೊಡುವುದು ರೂಢಿಯಾಯಿತು. ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ, ನಿಜ. ಆದರೂ ಈಗ ಮಧ್ಯವಯಸ್ಸು ದಾಟಿ ಬಾಳುವವರಿದ್ದಾರೆ.

ನಿಮ್ಮ ಮನೆಯ ಮಗುವಿನ ಕೈಯಿಂದ ಬೆಳಿಗ್ಗೆ ಹೊತ್ತು ಲೋಟ, ಬ್ರಷ್ಷು ಹೀಗೆ ಮತ್ತೆ ಮತ್ತೆ ಹಾರಿ ಬೀಳುತ್ತಿದ್ದರೆ ಬೈಯಬೇಡಿ. ಗಾಬರಿಯೂ ಬೇಡ. ಬಹುಪಾಲು ಮಕ್ಕಳಲ್ಲಿ ಅದು ಮಾತ್ರೆಗೆ ಚೆನ್ನಾಗಿ ಹತೋಟಿಗೆ ಬರುವ, ಇದಕ್ಕಿಂತ ಸಾಮಾನ್ಯವಾದ ಬೇರೆ ಫಿಟ್ಸ್ ಆಗಿರುತ್ತದೆ. ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಆದರೆ ಡಾಕ್ಟರ ಹತ್ತಿರ ಹೋದಾಗ ಮೂರ್ಛೆ ಬಂದದ್ದನ್ನು ಮಾತ್ರ ಹೇಳಿ ಸುಮ್ಮನಾಗಬೇಡಿ, ಲೋಟ ಹಾರಿದ್ದನ್ನೂ ಹೇಳಿ. ಯಾವ ಮಾತ್ರೆ ಕೊಡಬೇಕು, ಜೀನಿನ ಪರೀಕ್ಷೆ ಬೇಕೇ ಎಂದು ಅವರು ತೀರ್ಮಾನಿಸಲು ಆ ಒಂದು ಮಾತು ಬೇಕಾಗುತ್ತದೆ.