ಎಲ್ಲಿ ಇಳಿಸ್ತೀಯ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಿದೆಯಾ? ಸರಿ.

ನಿಮ್ಮ ಸಾಹಸ ಕ್ರೀಡಾ ಬಳಗದ ಮಕ್ಕಳು ನನ್ನನ್ನು ಕರೆಯಲು ಮನೆಗೆ ಬಂದಾಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ನೀವೂ ನೋಡಿರುತ್ತೀರಿ. ಸ್ಕೈಡೈವಿಂಗ್‌ಗೆ ಹೊರಟ ಸಣ್ಣ ವಿಮಾನ, ಎಂಜಿನ್ ನಿಂತಿದೆ, ಪೈಲಟ್ ಅದನ್ನು ಹೊಲದಲ್ಲಿ ಇಳಿಸುತ್ತಾನೆ, ಒಳಗಿದ್ದವರು ಧೂಳು ಕೊಡವಿಕೊಂಡು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಪವಾಡ. ಆ ಮಾತು ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ. 30 ವರ್ಷ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ನಮ್ಮ ಮೈಸೂರಿನಲ್ಲೂ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ, ನಿಮ್ಮಲ್ಲಿ ಕೆಲವರು ನಾಳೆ ಜಿಗಿಯುವವರೇ. ಆದ್ದರಿಂದ ಇವತ್ತು ಆ ಪದವನ್ನು ನಿಮ್ಮ ಬಾಯಿಂದ ಬಿಡಿಸಿಯೇ ಹೋಗಬೇಕು ಅಂತ ಬಂದಿದ್ದೇನೆ.

ಮೊದಲ ಸಾಲಿಗೆ ಒಂದು ಪುಟ್ಟ ಲೋಹದ ತುಂಡು ಕೊಟ್ಟಿದ್ದೇನೆ. ನೋಡಿ ಹಿಂದಕ್ಕೆ ದಾಟಿಸಿ. ಜೋಪಾನ, ಅಂಚು ಚೂಪಿದೆ. ಅದು ಟರ್ಬೈನ್ ಬ್ಲೇಡ್, ಕೆಲಸ ಮುಗಿಸಿ ಗುಜರಿಗೆ ಹೋಗಬೇಕಿದ್ದದ್ದು. ಪಿಟಿ6 ಅನ್ನುವ ಎಂಜಿನ್ನಿನಲ್ಲಿ ಇಂಥ ಬ್ಲೇಡುಗಳು ಒಂದು ಚಕ್ರದ ಸುತ್ತ ಸಾಲಾಗಿ ಕೂತಿರುತ್ತವೆ. ಆ ಚಕ್ರ ನಿಮಿಷಕ್ಕೆ 37,000 ಸುತ್ತಿಗೂ ಹೆಚ್ಚು ತಿರುಗುತ್ತದೆ, ಉರಿಯುವ ಗಾಳಿಯ ಎದುರಿಗೇ. ಒಂದು ಬ್ಲೇಡ್ ಮುರಿದರೆ ಅದು ಪಕ್ಕದ್ದನ್ನು ಹೊಡೆಯುತ್ತದೆ, ಪಕ್ಕದ್ದು ಅದರ ಪಕ್ಕದ್ದನ್ನು. ಅಷ್ಟೇ, ಎಂಜಿನ್ ಮುಗಿಯಿತು.

ಹಾಗೆ ಎಂಜಿನ್ ಮುಗಿದ ಒಂದು ಘಟನೆ ಹೇಳುತ್ತೇನೆ, ಟೌಪೊದಲ್ಲಿ ನಡೆದದ್ದು. ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುವೆ ಇರುವ ಸರೋವರ. 600 ಚದರ ಕಿಲೋಮೀಟರಿಗೂ ದೊಡ್ಡದು, ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀರು. 2015ರ ಜನವರಿ 7. ನಮಗೆ ಚಳಿಗಾಲ, ಅವರಿಗೆ ಬೇಸಿಗೆ, ಪ್ರವಾಸಿಗಳ ಕಾಲ. ಅವರದೇ ದೇಶದ ಹ್ಯಾಮಿಲ್ಟನ್ನಿನಲ್ಲಿ ತಯಾರಾದ ಪೆಸಿಫಿಕ್ ಏರೋಸ್ಪೇಸ್ 750ಎಕ್ಸ್‌ಎಲ್ ವಿಮಾನ. ಮೂತಿಯಲ್ಲಿ ಒಂದೇ ಒಂದು ಪಿಟಿ6. ಒಳಗೆ 13 ಜನ: ಒಬ್ಬ ಪೈಲಟ್, 6 ಪ್ರವಾಸಿಗಳು, ಅವರನ್ನು ಎದೆಗೆ ಕಟ್ಟಿಕೊಂಡು ಜಿಗಿಯಬೇಕಾದ 6 ಟ್ಯಾಂಡಮ್ ಶಿಕ್ಷಕರು. ವಿಮಾನ ಮೇಲೇರುತ್ತಾ ಸುಮಾರು 2,000 ಅಡಿಗೆ ಬಂದಾಗ ಎಂಜಿನ್ ಸತ್ತಿತು. ಆಮೇಲೆ ತನಿಖೆಯಲ್ಲಿ ಸಿಕ್ಕ ಕಾರಣ ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿದೆಯಲ್ಲ, ಆ ಜಾತಿಯದೇ ಬ್ಲೇಡ್.

2,000 ಅಡಿ ಅಂದರೆ ಎಷ್ಟು ಹೊತ್ತು ಅಂತ ಸ್ವಲ್ಪ ಲೆಕ್ಕ ಹಾಕಿ. ಎಂಜಿನ್ ಇಲ್ಲದ ಸಣ್ಣ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲಿ ಇಳಿಯುತ್ತದೆ, ನಿಮಿಷಕ್ಕೆ 700ರಿಂದ 1,000 ಅಡಿ. ಹಾಗಾದರೆ ಎರಡು ಮೂರು ನಿಮಿಷ ಇದೆಯಲ್ಲ ಅನ್ನಬಹುದು. ಇಲ್ಲ. ಜಿಗಿದವನ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರ ಬೇಕು. ಮನುಷ್ಯ ಮೊದಲ 10 ಸೆಕೆಂಡಿನಲ್ಲಿ ಸುಮಾರು 1,000 ಅಡಿ ಬೀಳುತ್ತಾನೆ, ಆಮೇಲಿನ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡ್ ಸಾಕು. ಟ್ಯಾಂಡಮ್‌ನಲ್ಲಿ ಸಾಮಾನ್ಯವಾಗಿ 5,000 ಅಡಿಯ ಹೊತ್ತಿಗೇ ಛತ್ರಿ ಬಿಚ್ಚುತ್ತಾರೆ. ಇವರು ವಿಮಾನದಿಂದ ಜಿಗಿಯುವಾಗಲೇ ಅದರ ಅರ್ಧ ಎತ್ತರವೂ ಇರಲಿಲ್ಲ. ಅಂದರೆ ಕೈಯಲ್ಲಿದ್ದದ್ದು ಒಂದು ನಿಮಿಷದ ಆಸುಪಾಸು. ಅಷ್ಟರಲ್ಲಿ ಭಾಷೆಯೇ ಸರಿಯಾಗಿ ಬಾರದ ಪ್ರವಾಸಿಯೂ ಇರಬಹುದು, ಬಾಗಿಲು ಒಂದೇ.

ಆರು ಜೋಡಿಗಳೂ ಹೊರಬಿದ್ದವು. ಪೈಲಟ್ ಕೊನೆಗೆ ಜಿಗಿದ. ವಿಮಾನ ಸರೋವರಕ್ಕೆ ಬಿತ್ತು. 13 ಜನರಲ್ಲಿ 13 ಜನವೂ ಬದುಕಿದರು.

ಇಲ್ಲಿ ನಿಲ್ಲಿ. ಪೈಲಟ್ ಕೊನೆಗೆ ಜಿಗಿದ ಅಂದೆನಲ್ಲ, ಹೇಗೆ ಜಿಗಿದ? ಬೆನ್ನಿಗೆ ಪ್ಯಾರಾಚೂಟ್ ಇತ್ತು. ದಿನಕ್ಕೆ ಹತ್ತಾರು ಸಲ ಏರಿ ಇಳಿಯುವ ಪೈಲಟ್‌ಗೆ ಅದು ಸೆಕೆ, ಭಾರ, ಸೀಟಿನಲ್ಲಿ ಸರಿಯಾಗಿ ಕೂರಲೂ ಬಿಡುವುದಿಲ್ಲ. ‘ನಾನೇನು ಜಿಗಿಯೋನಲ್ವಲ್ಲ’ ಅಂತ ಬಿಚ್ಚಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಅವತ್ತು ಬೆಳಿಗ್ಗೆ ನೆಲದ ಮೇಲೆ ನಿಂತು ಅದನ್ನು ತೊಟ್ಟಾಗಲೇ ಅವನ ಜೀವ ಉಳಿದಿತ್ತು. ಪವಾಡ ಅಂದರೆ ಆ ಶಿಸ್ತಿಗೆ ಸಲ್ಲಬೇಕಾದ ಗೌರವವನ್ನು ನಾವು ಕಿತ್ತುಕೊಂಡ ಹಾಗೆ.

ಸಂವಾದದಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ, ‘ಸರ್, ಎರಡು ಎಂಜಿನ್ ಇದ್ದಿದ್ದರೆ ಈ ಗೋಳೇ ಇರಲಿಲ್ಲವಲ್ಲ?’ ಹೋದ ಕಡೆಯಲ್ಲೆಲ್ಲ ಕೇಳುತ್ತಾರೆ. ಈಗಲೇ ಹೇಳಿಬಿಡುತ್ತೇನೆ.

2006ರ ಜುಲೈ 29, ಅಮೆರಿಕದ ಮಿಸೌರಿ ರಾಜ್ಯದ ಸಲಿವನ್. ಟ್ವಿನ್ ಆಟರ್ ವಿಮಾನ, ಎರಡು ಎಂಜಿನ್, ಎರಡೂ ಪಿಟಿ6. ಒಳಗೆ ಪೈಲಟ್ ಮತ್ತು 7 ಸ್ಕೈಡೈವರ್‌ಗಳು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಬಲಗಡೆಯ ಎಂಜಿನ್ ಸೋತಿತು. ಅಲ್ಲೂ ಮುರಿದದ್ದು ಟರ್ಬೈನ್ ಬ್ಲೇಡೇ. ವಿಮಾನದ ವೇಗ ಉಳಿಸಿಕೊಳ್ಳಲು ಆಗಲಿಲ್ಲ. 8 ಜನರಲ್ಲಿ 6 ಜನ ತೀರಿಕೊಂಡರು, ಪೈಲಟ್ ಸೇರಿ.

ನೋಡಿ, ಒಂದು ಎಂಜಿನ್ನಿನದರಲ್ಲಿ ಎಲ್ಲರೂ ಉಳಿದರು, ಎರಡು ಎಂಜಿನ್ನಿನದರಲ್ಲಿ ಇಬ್ಬರು. ಕಾರಣ ಇದೆ. ಬಲಗಡೆ ಸತ್ತಾಗ ಎಡಗಡೆಯದು ಎಳೆಯುತ್ತಲೇ ಇರುತ್ತದೆ, ವಿಮಾನ ಸತ್ತ ಕಡೆಗೆ ತಿರುಚಿಕೊಳ್ಳುತ್ತದೆ. ಸತ್ತ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಂತಿರುತ್ತದೆ. ಬಿರುಗಾಳಿಗೆ ಮೊರ ಎದುರು ಹಿಡಿದರೆ ಕೈ ಹಿಂದಕ್ಕೆ ಹೋಗುತ್ತದೆ, ಅಂಚು ತಿರುಗಿಸಿ ಹಿಡಿದರೆ ಗಾಳಿ ಜಾರಿ ಹೋಗುತ್ತದೆ. ಪ್ರೊಪೆಲ್ಲರಿನ ರೆಕ್ಕೆಗಳನ್ನೂ ಹಾಗೆ ಅಂಚಿಗೆ ತಿರುಗಿಸಬೇಕು. ಅದಕ್ಕೆ ಫೆದರ್ ಮಾಡುವುದು ಅನ್ನುತ್ತಾರೆ. ಹೇಳಲು ಸುಲಭ. ನೆಲ ಹತ್ತಿರದಲ್ಲೇ ಇದ್ದಾಗ, ಯಾವ ಕಡೆಯದು ಸತ್ತಿದೆ ಅಂತ ಗುರುತಿಸಿ, ಸರಿಯಾದ ಹಿಡಿಕೆಗೇ ಕೈ ಹಾಕಬೇಕು.

ಕ್ಯಾಲಿಫೋರ್ನಿಯಾದ ಪೆರಿಸ್ ವ್ಯಾಲಿಯಲ್ಲಿ 1992ರ ಏಪ್ರಿಲ್ 22ರಂದು ತಪ್ಪಿದ್ದು ಅದೇ. ಅದೂ ಟ್ವಿನ್ ಆಟರ್, 22 ಜನ. ಇಂಧನದಲ್ಲಿ ನೀರು ಸೇರಿತ್ತು. ಬಲ ಎಂಜಿನ್ ಶಕ್ತಿ ಕಳೆದುಕೊಂಡಾಗ ಫೆದರ್ ಆದದ್ದು ಎಡಗಡೆಯ, ಚೆನ್ನಾಗಿದ್ದ ಎಂಜಿನ್ನಿನ ಪ್ರೊಪೆಲ್ಲರ್. 16 ಜನ ಸತ್ತರು. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಜಿಗಿಯುವುದೂ ಸಾಧ್ಯವಿಲ್ಲ. ಬೆನ್ನಿಗೆ ಛತ್ರಿ ಇದ್ದೂ ಕೆಲಸಕ್ಕೆ ಬಾರದು.

ನೀರು ಅಂದೆನಲ್ಲ, ನಮ್ಮ ಮೇಷ್ಟ್ರು ನೆನಪಾಗುತ್ತಾರೆ. ಈ ಕಥೆ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ಎಂಜಿನ್ ಕೆಲಸ ಕಲಿಯುತ್ತಲೇ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯಲೂ ಸೇರಿದ್ದೆ. ಪ್ರತಿ ಬೆಳಿಗ್ಗೆ ಸೆಸ್ನಾ ಅನ್ನುವ ಪುಟ್ಟ ವಿಮಾನದ ರೆಕ್ಕೆಯ ಕೆಳಗಿನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು, ಆಕಾಶಕ್ಕೆ ಎತ್ತಿ ತೋರಿಸಬೇಕಿತ್ತು. ನೀರಿದ್ದರೆ ಕೆಳಗೆ ಗುಳ್ಳೆಯಾಗಿ ಕೂರುತ್ತದೆ. ಒಂದು ದಿನ ಅವಸರಕ್ಕೆ ‘ನೋಡಿದೆ ಸರ್’ ಅಂದೆ. ‘ಏನು ನೋಡಿದೆ? ಬಣ್ಣ ಹೇಳು’ ಅಂದರು. ನನಗೆ ಗೊತ್ತಿರಲಿಲ್ಲ. ಅವತ್ತು ಹಾರಾಟವಿಲ್ಲ, ಇಡೀ ಬೆಳಿಗ್ಗೆ ಲೋಟ ಹಿಡಿದು ನಿಂತೆ.

ಮತ್ತೆ ಮೇಲೆ ಹೋದಾಗ ಅವರದೊಂದು ಅಭ್ಯಾಸ. ನಾನು ಹಾಯಾಗಿ ಹಾರಿಸುತ್ತಿದ್ದರೆ ಸದ್ದಿಲ್ಲದೆ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಹಿಡಿಕೆ, ಹಿಂದಕ್ಕೆ ಎಳೆದುಬಿಡುವರು. ಎಂಜಿನ್ ಸದ್ದು ಇಳಿದು ಗಾಳಿಯ ಸದ್ದು ಕೇಳುತ್ತಿತ್ತು. ಅವರು ಕೇಳುತ್ತಿದ್ದದ್ದು ಒಂದೇ: ‘ಎಲ್ಲಿ ಇಳಿಸ್ತೀಯ?’

ಮೊದಲ ಸಲ ದೇವನಹಳ್ಳಿ ಕಡೆ ಒಂದು ಹಸಿರು ತೋರಿಸಿದೆ. ಜಮಖಾನ ಹಾಸಿದ ಹಾಗಿತ್ತು. ಅವರು ಮಾತಾಡದೆ ಇನ್ನೂ ಕೆಳಗೆ ಇಳಿಯಲು ಬಿಟ್ಟರು. ಹತ್ತಿರ ಬಂದಾಗ ಕಂಡಿತು, ದ್ರಾಕ್ಷಿ ತೋಟ! ಎಲೆಯ ಕೆಳಗೆ ಸಾಲು ಸಾಲು ಕಲ್ಲುಕಂಬ, ಮೇಲೆ ತಂತಿ. ‘ಇಲ್ಲಿ ಇಳಿಸಿದ್ದರೆ ನಮ್ಮಿಬ್ಬರದೂ ದ್ರಾಕ್ಷಾರಸ’ ಅಂದರು. (ನಗಬಹುದು ನೀವು, ಆಗ ನನಗೆ ನಗು ಬರಲಿಲ್ಲ.) ಅವತ್ತು ಕಲಿತದ್ದು ಈಗಲೂ ಬಾಯಿಪಾಠ. ಹಸಿರಿಗಿಂತ ಕೊಯ್ಲಾದ ರಾಗಿ ಹೊಲ ವಾಸಿ. ಇಳಿಸುವಾಗ ಉಳುಮೆಯ ಸಾಲಿನ ಉದ್ದಕ್ಕೇ ಇಳಿಸಬೇಕು, ಅಡ್ಡ ಇಳಿಸಿದರೆ ಮೂಗಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಬತ್ತಿದ ಕೆರೆ ಅಂಗಳ ಒಳ್ಳೆಯದೇ, ಮಣ್ಣು ತೆಗೆದ ಗುಂಡಿ ಇಲ್ಲದಿದ್ದರೆ. ಕರೆಂಟಿನ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಹುಡುಕಬೇಕು.

ಎಲ್ಲಕ್ಕಿಂತ ಮುಖ್ಯ, ನೆಲ ಬಿಟ್ಟ ತಕ್ಷಣ ಎಂಜಿನ್ ನಿಂತರೆ ರನ್‌ವೇಗೆ ವಾಪಸ್ ತಿರುಗುವ ಆಸೆ ಬಿಡಬೇಕು. ಬೆನ್ನ ಹಿಂದೆ ಅಷ್ಟು ಚಂದದ ರನ್‌ವೇ ಇರುತ್ತದೆ, ಜೀವ ಎಳೆಯುತ್ತದೆ. ಆದರೆ 45 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಲು ಹೋದರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುವ, ವೇಗ ಸುಮಾರು ಶೇ 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ 41ರಷ್ಟು. ಕೈಯಲ್ಲಿ ಅಷ್ಟು ವೇಗ ಇರುವುದಿಲ್ಲ. ಮೂತಿ ಬಗ್ಗಿಸಿ, ಎದುರಿಗೆ ಏನಿದೆಯೋ ಅಲ್ಲೇ ಇಳಿಸು. ಇದನ್ನು ಮೇಲೆ ಹೋಗಿ ಯೋಚಿಸಿದರೆ ಆಗದು. ರನ್‌ವೇ ತುದಿಯಲ್ಲಿ ನಿಂತಾಗಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು: ಈ ಎತ್ತರದ ಒಳಗೆ ನಿಂತರೆ ನೇರ ಎದುರಿಗೆ, ಇಷ್ಟಕ್ಕಿಂತ ಮೇಲೆ ನಿಂತರೆ ಎಲ್ಲರೂ ಜಿಗಿಯುವುದು. ನಡುವಿನ ಎತ್ತರಕ್ಕೂ ಒಂದು ಉತ್ತರ ನೆಲದ ಮೇಲೇ ಸಿಕ್ಕಿರಬೇಕು. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ಹತ್ತಿರ ಒಂದು ತರಬೇತಿ ವಿಮಾನ ಹೊಲದಲ್ಲಿ ಇಳಿದದ್ದು ನೆನಪಿರಬಹುದು. ಒಳಗಿದ್ದ ಇಬ್ಬರೂ ಉಳಿದರು. ಅದಕ್ಕೂ ಕೆಲವರು ಪವಾಡ ಅಂದರು!

ಚೀಟಿ ಬಂತು. ಐದು ನಿಮಿಷವಂತೆ. ಕಾರ್ಬ್ಯುರೇಟರಿನಲ್ಲಿ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಯುವ ಕಡೆ, ಹಿಮ ಕಟ್ಟುವುದರ ಬಗ್ಗೆ ಹೇಳಬೇಕಿತ್ತು. ನಮ್ಮ ಮಳೆಗಾಲದ 25 ಡಿಗ್ರಿಯಲ್ಲೂ ಕಟ್ಟುತ್ತದೆ, ಅಷ್ಟು ತಿಳಿದಿರಲಿ. ಭಾರ, ಸಮತೋಲ, ಅದನ್ನು ಬಿಡುತ್ತೇನೆ. ಬೆಲ್ಟಿನ ವಿಷಯ ಮಾತ್ರ ಬಿಡುವುದಿಲ್ಲ.

ಸ್ಕೈಡೈವಿಂಗ್ ವಿಮಾನದಲ್ಲಿ ಸೀಟು ಇರದೆ ಇರಬಹುದು. ಅಮೆರಿಕದ ನಿಯಮವೂ ಜಿಗಿಯಲು ಹೋಗುವವರು ನೆಲದ ಮೇಲೆ ಕೂರಬಹುದು ಅನ್ನುತ್ತದೆ. ಒಬ್ಬರ ಕಾಲ ನಡುವೆ ಇನ್ನೊಬ್ಬರು ಕೂರುತ್ತಾರೆ. ಆದರೆ ವಿಮಾನ ಏರುವಾಗ ಬೆಲ್ಟ್ ಹಾಕಲೇಬೇಕು. ‘ಹೇಗೂ ಜಿಗಿಯೋಕೆ ಹೋಗ್ತಿದ್ದೀನಿ, ಬೆಲ್ಟ್ ಯಾಕೆ’ ಅನ್ನುವ ಮಾತು ನಾನು ಕಿವಿಯಾರೆ ಕೇಳಿದ್ದೇನೆ. ಬೆಲ್ಟ್ ಇಲ್ಲದ ಒಬ್ಬ 70 ಕಿಲೋ ಮನುಷ್ಯ, ವಿಮಾನ ಹೊಲಕ್ಕೆ ಬಡಿದ ಕ್ಷಣ, ಮುಂದೆ ಕೂತ ಎಲ್ಲರ ಮೇಲೂ ಬೀಳುತ್ತಾನೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2008ರಲ್ಲಿ ಲೆಕ್ಕ ಕೊಟ್ಟಿತು: 1980ರಿಂದ ಅಲ್ಲಿಯವರೆಗೆ ಇಂಥ ವಿಮಾನಗಳ 32 ಅಪಘಾತ, 172 ಸಾವು, ಹೆಚ್ಚಿನವರು ಜಿಗಿಯಲು ಹೊರಟವರೇ. ಒಂದೇ ಕಡೆ ಸಿಕ್ಕಿಸುವ ಬೆಲ್ಟ್ ಸಾಲದು, ಎರಡು ಕಡೆ ಹಿಡಿದಿಡುವಂಥದು ಬೇಕು ಅಂತ ಮಂಡಳಿ ಒತ್ತಿ ಹೇಳಿದ್ದು ಸಲಿವನ್ ಅಪಘಾತದ ನಂತರ. ನೀವು ಎಲ್ಲಿಗೇ ಜಿಗಿಯಲು ಹೋಗಿ, ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಬೆಲ್ಟ್ ಎಲ್ಲಿದೆ? ಎಂಜಿನ್ ನಿಂತರೆ ಎಷ್ಟು ಎತ್ತರದಲ್ಲಿ ಏನು ಮಾಡುತ್ತೀರಿ? ಪೈಲಟ್ ಬೆನ್ನಿಗೆ ಪ್ಯಾರಾಚೂಟ್ ಇದೆಯಾ? ಸಿಟ್ಟಾದರೆ ಎದ್ದು ಬನ್ನಿ.

ಆ ಬ್ಲೇಡ್ ಎಲ್ಲಿಗೆ ತಲುಪಿತು? ಕೊನೆಯ ಸಾಲಿಗೆ? ವಾಪಸ್ ಕಳಿಸಿ, ದಯವಿಟ್ಟು. ಹೊರಗೆ ಜಗುಲಿಯಲ್ಲಿ ಎರಡು ಬೆಲ್ಟ್ ತಂದಿಟ್ಟಿದ್ದೇನೆ, ಊಟಕ್ಕೆ ಹೋಗುವ ಮುಂಚೆ ಒಬ್ಬೊಬ್ಬರೂ ನೆಲದ ಮೇಲೆ ಕೂತು ಹಾಕಿ ಬಿಚ್ಚಿ ನೋಡಿ. ಕಣ್ಣು ಮುಚ್ಚಿಕೊಂಡು ಬಿಚ್ಚಲು ಬರಬೇಕು, ಅಲ್ಲಿಯವರೆಗೆ ನಾನು ಅಲ್ಲೇ ಇರುತ್ತೇನೆ.