ಡಬ್ಬಿಯ ನೀರು ಬಸಿಯುವ ಮುನ್ನ
(ಕಲಬುರಗಿಯಲ್ಲಿ ವಿದ್ಯಾರ್ಥಿನಿಲಯಗಳ ಅಡುಗೆ ಸಿಬ್ಬಂದಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಕಾರ್ಖಾನೆಯಲ್ಲಿ ನೀರು ತುಂಬಿ ಮುಚ್ಚಿದ ಡಬ್ಬಿಯ ತರಕಾರಿಯಲ್ಲಿ ಸತ್ವವೇ ಇರುವುದಿಲ್ಲ ಎಂದು ನಿಮ್ಮಲ್ಲಿ ಕೆಲವರು ಆಗಲೇ ಹೇಳಿದಿರಿ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಹಾಗೆಂದು ಡಬ್ಬಿಯ ಪರ ವಕಾಲತ್ತು ಹಾಕಲೂ ಬಂದಿಲ್ಲ.

ಗಜ್ಜರಿ, ಅಂದರೆ ಕ್ಯಾರೆಟ್, ಮತ್ತು ಬೀಟ್‌ರೂಟ್‌ಗಳಲ್ಲಿ ಹುಳಿ ಕಡಿಮೆ. ಗಾಳಿಯಾಡದ ಡಬ್ಬಿಯೊಳಗೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಸೂಕ್ಷ್ಮಾಣುವಿಗೆ ಅದು ಹೇಳಿ ಮಾಡಿಸಿದ ಜಾಗ. ಅದರ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅದಕ್ಕೇ ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಲ್ಲಿ ಸುಮಾರು 116ರಿಂದ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆ ಶಾಖಕ್ಕೆ ಮೊದಲು ಬಲಿಯಾಗುವುದು ಸಿ ಜೀವಸತ್ವ. 100 ಗ್ರಾಂ ಹಸಿ ಗಜ್ಜರಿಯಲ್ಲಿ ಸುಮಾರು 6 ಮಿಲಿಗ್ರಾಂ ಇದ್ದರೆ, ನೀರು ಬಸಿದ ಡಬ್ಬಿಯ ಗಜ್ಜರಿಯಲ್ಲಿ 3 ಮಿಲಿಗ್ರಾಂ ಆಸುಪಾಸು. ಅರ್ಧ ಹೋಯಿತು, ನಿಜ. ಆದರೆ ಸಿ ಜೀವಸತ್ವಕ್ಕಾಗಿ ಗಜ್ಜರಿ ತಿನ್ನುವವರು ಯಾರು? ಅದಕ್ಕೆ ಪೇರಲ ಹಣ್ಣಿದೆ.

ಗಜ್ಜರಿಯ ಹಿರಿಮೆ ಬೀಟಾ ಕ್ಯಾರೋಟಿನ್, ಮೈಯೊಳಗೆ ಎ ಜೀವಸತ್ವವಾಗುವ ಬಣ್ಣದ ಅಂಶ. ಅದು ನೀರಿಗೆ ಕರಗದು, ಬೇಯಿಸಿದರೆ ಸುಲಭಕ್ಕೆ ನಾಶವಾಗದು. ಬೆಂದು ಮೆತ್ತಗಾದ ಗಜ್ಜರಿಯಿಂದಲೇ ಅದು ಹೆಚ್ಚು ಮೈಗೆ ಹತ್ತುತ್ತದೆ, ಜೊತೆಗೆ ಸ್ವಲ್ಪ ಎಣ್ಣೆ ಇರಬೇಕಷ್ಟೆ. ನಮ್ಮ ಪಚಡಿಯಲ್ಲಿ ತುರಿದ ಹಸಿ ಗಜ್ಜರಿಗೆ ಗುರೆಳ್ಳು ಪುಡಿ, ಮೇಲೊಂದು ಚಮಚ ಕುಸುಬೆ ಎಣ್ಣೆ ಬೀಳುತ್ತದಲ್ಲ, ಅದು ಬರೀ ರುಚಿಗಲ್ಲ.

ನಿಜವಾದ ನಷ್ಟ ಇರುವುದು ನೀರಿನಲ್ಲಿ. 100 ಗ್ರಾಂ ಹಸಿ ಬೀಟ್‌ರೂಟ್‌ನಲ್ಲಿ ಫೋಲೇಟ್ ಸುಮಾರು 109 ಮೈಕ್ರೋಗ್ರಾಂ. ನೀರು ಬಸಿದ ಡಬ್ಬಿಯದರಲ್ಲಿ 30. ರಕ್ತಕ್ಕೆ ಬೇಕಾದ ಸತ್ವವಿದು, ಹೆಣ್ಣುಮಕ್ಕಳ ನಿಲಯ ನಡೆಸುವವರು ಗಮನಿಸಬೇಕು. ಪೊಟ್ಯಾಸಿಯಂ ಕೂಡ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಾಗಾದರೆ ಆ ನೀರನ್ನೇ ಸಾರಿಗೆ ಬಳಸೋಣವೇ? ಅಲ್ಲೇ ಪೇಚು: ಅದು ಉಪ್ಪುನೀರು. ಹಸಿ ಗಜ್ಜರಿಯಲ್ಲಿ 70 ಮಿಲಿಗ್ರಾಂನಷ್ಟಿರುವ ಸೋಡಿಯಂ, ಉಪ್ಪು ಹಾಕಿದ ಡಬ್ಬಿಯದರಲ್ಲಿ ಬಸಿದ ಮೇಲೂ 240ರ ಹತ್ತಿರ ಇರುತ್ತದೆ. ಚೆಲ್ಲಿದರೆ ಫೋಲೇಟ್ ಹೋಗುತ್ತದೆ, ಉಳಿಸಿದರೆ ಉಪ್ಪು ಒಳಗೆ ಬರುತ್ತದೆ.

ಡಬ್ಬಿಯನ್ನು ಬೈಯುವ ನಾವು ಬೀಟ್‌ರೂಟ್ ಸಿಪ್ಪೆ ತೆಗೆದು, ಹೋಳು ಮಾಡಿ, ತುಂಬಿದ ನೀರಿನಲ್ಲಿ ಕುದಿಸಿ, ಆ ಕೆಂಪು ನೀರನ್ನು ಬಚ್ಚಲಿಗೆ ಸುರಿಯುತ್ತೇವೆ. ನಷ್ಟ ಅದೇ ಜಾತಿಯದು. ಸಿಪ್ಪೆ ಸಮೇತ ಇಡಿಯಾಗಿ ಹಬೆಯಲ್ಲಿ ಬೇಯಿಸಿ, ಆಮೇಲೆ ಸುಲಿಯಿರಿ. ಇನ್ನು ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ತಳ್ಳುಗಾಡಿಯ ಮೇಲೆ ಬಾಡಿದ ಗಜ್ಜರಿಯನ್ನು ‘ತಾಜಾ’ ಎನ್ನುವುದು ನಮ್ಮ ಉದಾರತೆ.

ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯಕ್ಕೆ ಬೀಳುವ ಚಳಿಗಾಲದ ಗಜ್ಜರಿ ಕೈಗೆ ಸಿಗುವಾಗ ಡಬ್ಬಿಗೆ ದುಡ್ಡು ಹಾಕುವುದು ನನ್ನ ಪ್ರಕಾರ ದಂಡ. ಅನಿವಾರ್ಯವಾದರೆ ಉಪ್ಪು ಸೇರಿಸದ್ದೆಂದು ಚೀಟಿಯಲ್ಲಿ ಬರೆದಿರುವುದನ್ನೇ ತನ್ನಿ. ಅದರ ನೀರನ್ನು ಧಾರಾಳವಾಗಿ ಬೇಳೆಗೆ ಹಾಕಬಹುದು. ಡಬ್ಬಿ ಉಬ್ಬಿದ್ದರೆ ಮಾತ್ರ ನಾಲಿಗೆಗೆ ತಾಗಿಸಿ ನೋಡುವ ಸಾಹಸ ಬೇಡ, ತೆರೆಯದೆ ಎಸೆಯಿರಿ.