ರೆಕ್ಕೆಗೆ ಬೆಂಕಿ ಬಿದ್ದಾಗ ಹೊರಗೆ ಹತ್ತಿದ ಫ್ಲೈಟ್ ಎಂಜಿನಿಯರ್

[ದೃಶ್ಯ: ಕತ್ತಲಲ್ಲಿ ಹಾರುತ್ತಿರುವ ಲ್ಯಾಂಕಾಸ್ಟರ್ ಬಾಂಬರ್]

ನಮಸ್ಕಾರ. ಯುದ್ಧದ ಬಾಂಬರ್ ಅಂದ ತಕ್ಷಣ ಪೈಲಟ್ ನೆನಪಾಗುತ್ತಾನೆ, ಗನ್ ಹಿಡಿದವನು ನೆನಪಾಗುತ್ತಾನೆ. ಪೈಲಟ್ ಬಲಕ್ಕೆ ಮಡಚುವ ಸೀಟಿನಲ್ಲಿ ಕೂತು ಮೀಟರ್ ನೋಡುತ್ತಿದ್ದವನನ್ನು ಕೇಳುವವರೇ ಇಲ್ಲ. ಇವತ್ತು ಅವನ ಕಥೆ.

ಬ್ರಿಟನ್ನಿನ ಲ್ಯಾಂಕಾಸ್ಟರ್‌ನಲ್ಲಿ ಏಳು ಜನ. ಪೈಲಟ್ ಒಬ್ಬನೇ! 1942ರಲ್ಲಿ ವಾಯುಪಡೆ ಎರಡನೇ ಪೈಲಟ್‌ನನ್ನು ಕೈಬಿಟ್ಟಿತು. ಒಂದು ವಿಮಾನ ಬಿದ್ದರೆ ಇಬ್ಬರು ಪೈಲಟ್‌ಗಳು ಹೋಗುತ್ತಾರೆ, ಅಷ್ಟು ಜನರನ್ನು ತಯಾರು ಮಾಡುವುದು ಎಲ್ಲಿಂದ? ಆ ಜಾಗಕ್ಕೆ ಬಂದವನೇ ಫ್ಲೈಟ್ ಎಂಜಿನಿಯರ್. ಹೆಚ್ಚಿನವರಿಗೆ ತರಬೇತಿ ವೇಲ್ಸ್‌ನ ಸೇಂಟ್ ಆಥನ್‌ನಲ್ಲಿ.

[ದೃಶ್ಯ: ಇಂಧನ ಟ್ಯಾಂಕ್‌ಗಳ ನಕ್ಷೆ]

ಕೆಲಸ ಏನು? ನಾಲ್ಕು ಮರ್ಲಿನ್ ಎಂಜಿನ್‌ಗಳ ಬಿಸಿ, ಆಯಿಲ್ ಪ್ರೆಶರ್ ನೋಡುತ್ತಲೇ ಇರಬೇಕು. ಟೇಕಾಫ್ ಸಮಯದಲ್ಲಿ ಥ್ರಾಟಲ್‌ಗೆ ಕೈ ಕೊಡಬೇಕು. ಎಲ್ಲಕ್ಕಿಂತ ಜಾಸ್ತಿ ತಲೆನೋವು ಪೆಟ್ರೋಲಿನದು. ರೆಕ್ಕೆಗಳ ಆರು ಟ್ಯಾಂಕ್‌ಗಳಲ್ಲಿ ಸುಮಾರು 9,800 ಲೀಟರ್. ಒಂದು ಟ್ಯಾಂಕ್‌ಗೆ ಗುಂಡು ಬಿದ್ದು ಸೋರತೊಡಗಿತು ಅಂದುಕೊಳ್ಳಿ. ಜಾಣ ಎಂಜಿನಿಯರ್ ಏನು ಮಾಡುತ್ತಿದ್ದ ಗೊತ್ತಾ? ವಾಲ್ವ್ ತಿರುಗಿಸಿ ನಾಲ್ಕೂ ಎಂಜಿನ್‌ಗಳಿಗೆ ಅದೇ ಟ್ಯಾಂಕ್‌ನಿಂದ ಕುಡಿಸುತ್ತಿದ್ದ. ಸೋರಿ ಹಾಳಾಗುವುದಕ್ಕಿಂತ ಉರಿದು ಮುಗಿಯಲಿ, ಅಲ್ವಾ?

ಈಗ ನಾರ್ಮನ್ ಜಾಕ್ಸನ್ ಹತ್ತಿರ ಬರೋಣ. 1919ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಹುಟ್ಟಿದವನು. ಕಲಿತದ್ದು ಫಿಟ್ಟರ್ ಮತ್ತು ಟರ್ನರ್ ಕೆಲಸ. ವಾಯುಪಡೆಗೆ ಸೇರಿ ಮೊದಲು ಪಶ್ಚಿಮ ಆಫ್ರಿಕಾದಲ್ಲಿ ಸಂಡರ್‌ಲ್ಯಾಂಡ್ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಆಮೇಲೆ ಫ್ಲೈಟ್ ಎಂಜಿನಿಯರ್ ಆಗಿ 106ನೇ ಸ್ಕ್ವಾಡ್ರನ್ ಸೇರಿದ.

1944ರ ಏಪ್ರಿಲ್ 26ರ ರಾತ್ರಿ. ಗುರಿ ಜರ್ಮನಿಯ ಶ್ವೈನ್‌ಫರ್ಟ್, ಬಾಲ್ ಬೇರಿಂಗ್ ಕಾರ್ಖಾನೆಗಳ ಊರು. ಜಾಕ್ಸನ್‌ನ ಪಾಲಿನ 30 ಹಾರಾಟ ಆಗಲೇ ಮುಗಿದಿತ್ತು. ಜೊತೆಯವರದು ಬಾಕಿ ಇತ್ತು ಅಂತ ಸುಮ್ನೆ ಹೊರಟ. ಮಗ ಹುಟ್ಟಿದ ಸುದ್ದಿಯೂ ಅಷ್ಟರಲ್ಲೇ ಬಂದಿತ್ತು.

ಬಾಂಬ್ ಹಾಕಿ ತಿರುಗಿದ ಮೇಲೆ ಜರ್ಮನ್ ಫೈಟರ್ ಹೊಡೆಯಿತು. ಬಲ ರೆಕ್ಕೆಯ ಮೇಲೆ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಬೆಂಕಿ. ಟ್ಯಾಂಕ್ ಎಲ್ಲಿದೆ, ಅದು ಸಿಡಿದರೆ ಏನಾಗುತ್ತದೆ ಅಂತ ವಿಮಾನದಲ್ಲಿ ಇವನಷ್ಟು ಚೆನ್ನಾಗಿ ಗೊತ್ತಿದ್ದವರು ಯಾರು? ಕಾಲಿಗೆ, ಭುಜಕ್ಕೆ ಚೂರು ಹೊಕ್ಕಿದ್ದರೂ ಬೆಂಕಿ ಆರಿಸುವ ಸಿಲಿಂಡರನ್ನು ಜಾಕೆಟ್ ಒಳಗೆ ತುರುಕಿಕೊಂಡು, ಪೈಲಟ್ ತಲೆಯ ಮೇಲಿನ ತುರ್ತು ಕಿಂಡಿಯಿಂದ ಹೊರಗೆ ಹತ್ತಿದ. ಎತ್ತರ 20,000 ಅಡಿ. ವೇಗ ಗಂಟೆಗೆ 320 ಕಿಲೋಮೀಟರ್.

ಹೊರಗೆ ಹೋಗುವಷ್ಟರಲ್ಲಿ ಪ್ಯಾರಾಶೂಟ್ ಬಿಚ್ಚಿಕೊಂಡು ಕಾಕ್‌ಪಿಟ್ ತುಂಬಾ ಹರಡಿತು. ಅವನು ನಿಲ್ಲಲಿಲ್ಲ. ಒಳಗಿದ್ದವರು ಅದರ ದಾರಗಳನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋದರು. ಜಾರಿ ರೆಕ್ಕೆಯ ಮೇಲೆ ಬಿದ್ದವನು ಅದರ ಮುಂದಿನ ಅಂಚಿನಲ್ಲಿದ್ದ ಗಾಳಿ ಕಿಂಡಿ ಹಿಡಿದು ನೇತಾಡಿದ. ಸಿಲಿಂಡರ್ ಹಾರಿಹೋಯಿತು. ಮುಖ, ಕೈ ಸುಟ್ಟವು. ಕೊನೆಗೆ ಗಾಳಿ ಅವನನ್ನೂ ಎಳೆದುಕೊಂಡಿತು. ಪ್ಯಾರಾಶೂಟ್ ಹೊತ್ತಿ ಉರಿಯುತ್ತಿತ್ತು. ನೆಲಕ್ಕೆ ಬಿದ್ದಾಗ ಕಾಲಿನ ಗಿಣ್ಣು ಮುರಿದಿತ್ತು, ಆದರೆ ಜೀವ ಇತ್ತು. ಹತ್ತಿರದ ಹಳ್ಳಿಯವರೆಗೆ ತೆವಳಿಕೊಂಡೇ ಹೋಗಿ ಸೆರೆಯಾದ. ಹತ್ತು ತಿಂಗಳು ಆಸ್ಪತ್ರೆ.

ಅಷ್ಟು ಮಾಡಿಯೂ ಬೆಂಕಿ ಆರಲಿಲ್ಲ. ಪೈಲಟ್ ಮತ್ತು ಹಿಂದಿನ ಗನ್ನರ್ ಸತ್ತರು. ಉಳಿದವರು ಹಾರಿ ಬದುಕಿದರು. ಯುದ್ಧ ಮುಗಿದು ಅವರು ಊರಿಗೆ ಬಂದು ಹೇಳಿದ ಮೇಲೆಯೇ ಈ ವಿಷಯ ಹೊರಬಂತು. ಇದು ಹುಚ್ಚುತನ ಅನ್ನುವವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಳಾದದ್ದು ಕಂಡರೆ ಫಿಟ್ಟರ್ ಕೈ ಸುಮ್ಮನಿರುವುದಿಲ್ಲ.

[ದೃಶ್ಯ: ವಿಕ್ಟೋರಿಯಾ ಕ್ರಾಸ್ ಪದಕ]

1945ರ ನವೆಂಬರ್‌ನಲ್ಲಿ ಅರಮನೆಯಲ್ಲಿ ವಿಕ್ಟೋರಿಯಾ ಕ್ರಾಸ್, ಅಂದರೆ ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ, ಕೊಟ್ಟರು. ಪದಕ ಪಡೆಯಲು ಜೊತೆಗೆ ಬಂದಿದ್ದ ದೊಡ್ಡ ಅಧಿಕಾರಿ ಲಿಯೊನಾರ್ಡ್ ಚೆಷೈರ್, ಮೊದಲು ಜಾಕ್ಸನ್‌ಗೆ ಕೊಡಿ ಅಂತ ಕೇಳಿಕೊಂಡನಂತೆ. ಆದರೆ ದರ್ಜೆಯ ನಿಯಮ ಬಿಡಬೇಕಲ್ಲ!

ಆಮೇಲೆ? ಇವನಂಥ ಎಷ್ಟೋ ಜನ ವಿಮಾನ ಕಂಪನಿಗಳಿಗೆ, ಕಾರ್ಖಾನೆಗಳಿಗೆ ಹೋದರು. ಪ್ರಯಾಣಿಕರ ದೊಡ್ಡ ವಿಮಾನಗಳಲ್ಲೂ ಫ್ಲೈಟ್ ಎಂಜಿನಿಯರ್ ಸೀಟು ದಶಕಗಳ ಕಾಲ ಉಳಿಯಿತು. 1989ರಲ್ಲಿ ಸೇವೆಗೆ ಬಂದ ಬೋಯಿಂಗ್ 747-400ರಲ್ಲಿ ಆ ಕೆಲಸ ಕಂಪ್ಯೂಟರ್ ಪಾಲಾಯಿತು. ಜಾಕ್ಸನ್ ಮಾತ್ರ ಎಂಜಿನ್ ಕಡೆ ಹೋಗಲೇ ಇಲ್ಲ. ಊರೂರು ಸುತ್ತಿ ವಿಸ್ಕಿ ಮಾರುವ ಸೇಲ್ಸ್‌ಮನ್ ಆದ. 1994ರಲ್ಲಿ ತೀರಿಕೊಂಡ. ಹತ್ತು ವರ್ಷದ ನಂತರ ಅವನ ಪದಕ ಹರಾಜಿನಲ್ಲಿ 2 ಲಕ್ಷ ಪೌಂಡ್‌ಗೂ ಜಾಸ್ತಿ ಬೆಲೆಗೆ ಹೋಯಿತು.